ತರಕಾರಿ ಕಸದಿಂದ ಅಡುಗೆ ಅನಿಲ: ಹುಳಿಯಾಗದಂತೆ ನೋಡಿಕೊಳ್ಳುವ ಬಗೆ

ಶಿರಸಿ ಸೀಮೆಯ ಮನೆಗಳಿಗೆ ಗೋಬರ್ ಗ್ಯಾಸ್ ಹೊಸತಲ್ಲ. ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾಗಿದ್ದರೂ ಮೊಗೆಕಾಯಿ ತಿರುಳು, ಬಸಳೆ ದಂಟು, ಬಾಳೆಕಾಯಿ ಸಿಪ್ಪೆಗಳಿಂದ ಅನಿಲ ಪಡೆಯಬಹುದು. ಸಗಣಿ ಮುಖ್ಯವಾಗಿ ಆರಂಭಕ್ಕೆ ಬೇಕು.

1000 ಲೀಟರಿನ ಟ್ಯಾಂಕು, ಅದರೊಳಗೆ ಬೋರಲಾಗಿ ತೇಲುವ 750 ಲೀಟರಿನ ಟ್ಯಾಂಕು ಸಣ್ಣ ಮನೆಗೆ ಸಾಕು. ಅನಿಲ ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತವಾದ್ದರಿಂದ, ಅಡಿಕೆ ತೋಟದ ನೆರಳನ್ನು ಬಿಟ್ಟು ಬಿಸಿಲು ಬೀಳುವ ಅಂಗಳದಲ್ಲಿ ಅದನ್ನು ಕೂರಿಸಬೇಕು. ಕಸ ಹಾಕುವ ಕೊಳವೆ ತಳದ ಸಮೀಪದವರೆಗೆ ಇಳಿದಿರಬೇಕು. ಬಗ್ಗಡ ಹೊರಬರುವ ಕೊಳವೆ ಟ್ಯಾಂಕಿನ ಮೇಲಂಚಿಗಿಂತ ತುಸು ಕೆಳಗಿರಬೇಕು.

ನೂರು ಕಿಲೋ ಹಸಿ ಸಗಣಿಯನ್ನಾದರೂ ನೀರಿನಲ್ಲಿ ಕದಡಿ ತುಂಬಿ, ಎರಡು ಮೂರು ವಾರ ಬಿಡಬೇಕು. ಪಕ್ಕದ ಮನೆಯ ಗೋಬರ್ ಗ್ಯಾಸಿನ ಬಗ್ಗಡ ಎರಡು ಕೊಡ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲು ತುಂಬುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ ಅದಕ್ಕೆ ಬೆಂಕಿ ತಾಗಿಸಲೇಬಾರದು; ಹತ್ತಿರದಲ್ಲಿ ಎಲ್ಲೂ ಬೆಂಕಿಯಿಲ್ಲದಾಗ ಬಯಲಿಗೆ ಬಿಟ್ಟುಬಿಡಬೇಕು.

ಅನಂತರ ದಿನಕ್ಕೆ ಅರ್ಧ ಕಿಲೋ ಕಸವನ್ನು ಸಣ್ಣಗೆ ಹೆಚ್ಚಿ ಅಥವಾ ರುಬ್ಬಿ, ಅಷ್ಟೇ ಅಕ್ಕಚ್ಚಿನಲ್ಲಿ ಕಲಸಿ ಹಾಕುತ್ತ, ತಿಂಗಳೊಳಗೆ ಮೂರು ಕಿಲೋಗೆ ಏರಿಸಬಹುದು. ಇದಕ್ಕಿಂತ ಬೇಗ ಹೆಚ್ಚು ಕಸ ಹಾಕುವ ಅವಸರವೇ ಹೆಚ್ಚಿನವರನ್ನು ಸೋಲಿಸುತ್ತದೆ. ಒಂದು ಜೂನ್ ತಿಂಗಳಿನಲ್ಲಿ ನಾನು ಎರಡು ಹಲಸಿನ ಹಣ್ಣುಗಳ ತೊಳೆ ಬಿಡಿಸಿ ಉಳಿದ ಸಾರೆಯನ್ನು ಒಂದೇ ದಿನ ಸುರಿದಿದ್ದೆ. ಮೂರನೆಯ ದಿನ ಮೇಲಿನ ಟ್ಯಾಂಕು ಚೆನ್ನಾಗಿಯೇ ಎದ್ದಿತ್ತು, ಆದರೆ ಕಡ್ಡಿ ಗೀರಿ ಹಿಡಿದರೆ ಬರ್ನರಿನಲ್ಲಿ ಉರಿ ಹತ್ತದೆ ಕಡ್ಡಿಯೇ ಆರುತ್ತಿತ್ತು. ಬಗ್ಗಡ ಹಳಸಿದ ಗಂಜಿಯಂತೆ ಹುಳಿ ನಾರುತ್ತಿತ್ತು. ತರಕಾರಿಯನ್ನು ಕೊಳೆಸಿ ಆಮ್ಲ ಮಾಡುವ ಸೂಕ್ಷ್ಮಜೀವಿಗಳು ಚುರುಕಾದವು, ಆ ಆಮ್ಲವನ್ನು ಉರಿಯುವ ಅನಿಲವಾದ ಮೀಥೇನ್ ಮಾಡುವವು ನಿಧಾನದವು; ಆದ್ದರಿಂದ ಕಸ ಹೆಚ್ಚಾದರೆ ಆಮ್ಲ ಶೇಖರವಾಗಿ, ಉರಿಯದ ಇಂಗಾಲದ ಡೈಆಕ್ಸೈಡೇ ತುಂಬಿಕೊಳ್ಳುತ್ತದೆ.

ಹೀಗಾದಾಗ ಒಂದು ವಾರ ಕಸ ನಿಲ್ಲಿಸಿ, ದಿನವೂ ಒಂದು ಬಕೆಟ್ ಸಗಣಿ ನೀರು ಮತ್ತು ಸ್ವಲ್ಪ ಸುಣ್ಣದ ತಿಳಿ ಹಾಕಿ, ಹುಳಿಯ ಪ್ರಮಾಣ ತೋರಿಸುವ ಪಿಎಚ್ ಕಾಗದದಲ್ಲಿ 6.8ರಿಂದ 7.2ರೊಳಗೆ ಬರುವವರೆಗೆ ಕಾಯಬೇಕು. ನಿಂಬೆ ಸಿಪ್ಪೆ, ಉಪ್ಪಿನಕಾಯಿಯ ರಸ, ಫಿನಾಯಿಲ್ ಬೆರೆತ ನೀರು ಎಂದಿಗೂ ಬೇಡ; ತೆಂಗಿನ ನಾರು, ಅಡಿಕೆ ಸಿಪ್ಪೆ ಕೊಳೆಯದೆ ಕೊಳವೆ ಕಟ್ಟುತ್ತವೆ.

ಮಳೆಗಾಲದಲ್ಲಿ ಅನಿಲ ಇಳಿಯುವುದು ಸಹಜ. ಆಗ ಬಚ್ಚಲೊಲೆಯ ಉಗುರುಬೆಚ್ಚನೆಯ ನೀರಿನಲ್ಲಿ ಕಸವನ್ನು ಕಲಸಬೇಕು. ಉರಿ ಬಿಟ್ಟು ಬಿಟ್ಟು ಕುಣಿದರೆ ಅನಿಲದ ಪೈಪಿನಲ್ಲಿ ನೀರು ನಿಂತಿದೆ ಎಂದು ತಿಳಿದು, ಪೈಪಿನ ತಗ್ಗಿನ ಕಡೆಯಿಂದ ಅದನ್ನು ಬಸಿಯಬೇಕು.