ನಾಲ್ಕಡಿ ಮಂಚ, ದಕ್ಷಿಣದ ಗೋಡೆ

ಮಂಗಳೂರಿನ ಬಿಜೈಯ ಆ ಫ್ಲ್ಯಾಟು ಏಳು ತಿಂಗಳು ಹಾಗೇ ಬಿದ್ದಿತ್ತು. ಎರಡು ಬೆಡ್‌ರೂಮು, ಹೆಚ್ಚುಕಮ್ಮಿ 1,150 ಚದರಡಿ, ಮೂರನೇ ಮಹಡಿ, ದಾಖಲೆಗಳೆಲ್ಲ ಚೊಕ್ಕ. ಯಜಮಾನರು ಕುವೈಟಿನಲ್ಲಿ. ಅವರು ಹೇಳಿದ ದರ 58 ಲಕ್ಷ. ಬಂದವರು 48, ಹೆಚ್ಚೆಂದರೆ 49 ಎಂದು ಹೇಳಿ ಹೋಗುತ್ತಿದ್ದರು. ಹಾಲ್ ನೋಡುವಾಗ ಖುಷಿಯಾಗಿರುತ್ತಿದ್ದವರು ದೊಡ್ಡ ಬೆಡ್‌ರೂಮಿನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ ತಿರುಗುವುದನ್ನು ನಾನು ಇಪ್ಪತ್ತು ಸಲವಾದರೂ ಕಂಡಿದ್ದೇನೆ. ಕೊನೆಗೆ ಅದೇ ಫ್ಲ್ಯಾಟು 56ಕ್ಕೆ ಹೋಯಿತು. ಗೋಡೆಗೆ ಬಣ್ಣ ಬಳಿದಿಲ್ಲ, ಟೈಲ್ಸ್ ಬದಲಿಸಿಲ್ಲ. ಬದಲಾದದ್ದು ಮಂಚ ಮತ್ತು ಅದರ ಜಾಗ, ಅಷ್ಟೇ.

ಮನೆ ಮಾರಿಸುವ ಈ ಬ್ರೋಕರ್ ಕಸುಬಿನಲ್ಲಿ ನನಗಿಂತ ಹಿರಿಯರೊಬ್ಬರು ಆಗ ಹೇಳಿದ್ದು ನೆನಪಿದೆ: "ಮಂಚ ನೋಡಿ ಯಾರಾದ್ರೂ ಮನೆ ತೆಗೊಳ್ತಾರಾ ಮಾರಾಯ್ರೆ? ಡಾಕ್ಯುಮೆಂಟ್ ಸರಿ ಉಂಟಾ, ಪಾರ್ಕಿಂಗ್ ಉಂಟಾ, ನೀರು ಉಂಟಾ, ಅಷ್ಟೇ ನೋಡುದು." ನನ್ನ ಹೆಂಡತಿಗೂ ಅದೇ ಅಭಿಪ್ರಾಯವಿತ್ತು. ಅವರಿಬ್ಬರನ್ನೂ ದೂರುವುದಿಲ್ಲ, ಯಾಕೆಂದರೆ ನನ್ನ ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತ್ತು.

ಮೊದಲ ಸಲ ನಾನು ಬಾಡಿಗೆಗೆ ಫರ್ನಿಚರ್ ತಂದೆ. ಖಾಲಿ ರೂಮು ಚಿಕ್ಕದಾಗಿ ಕಾಣುತ್ತದೆ, ತುಂಬಿಸಿದರೆ ಸರಿಹೋಗುತ್ತದೆ ಎಂಬ ಲೆಕ್ಕ. ಕಿಂಗ್ ಸೈಜ್ ಮಂಚ, ಎರಡು ಬದಿಗೆ ಎರಡು ಟೇಬಲ್, ಡ್ರೆಸ್ಸಿಂಗ್ ಟೇಬಲ್, ಒಂದು ಕುರ್ಚಿ. ಮೂರು ತಿಂಗಳ ಬಾಡಿಗೆ, ಟೆಂಪೊ, ಹೊತ್ತು ಹಾಕಿದವರ ಕೂಲಿ ಎಲ್ಲ ಸೇರಿ 38,000 ಹತ್ತಿರ ಹೋಯಿತು. ಅಂಗಡಿಯ ಹುಡುಗರು ಮಂಚದ ತಲೆಯನ್ನು ಕಿಟಕಿಯ ಕೆಳಗಿಟ್ಟು ಹೋದರು. ನೋಡಲು ಕ್ಯಾಟಲಾಗಿನ ಹಾಗೆಯೇ ಇತ್ತು, ನಾನೂ ಒಪ್ಪಿದೆ. ಆದರೆ ರೂಮು ಹತ್ತು ಅಡಿಗೆ ಹನ್ನೊಂದು. 72 ಇಂಚಿನ ಮಂಚ ಹತ್ತಡಿ ಗೋಡೆಗೆ ಬಂದಾಗ ಎರಡೂ ಬದಿಗೆ 24 ಇಂಚು ಉಳಿಯಿತು, ಅದರಲ್ಲಿ 18 ಇಂಚು ಟೇಬಲ್ಲಿಗೆ. ಕಾಲ ಬದಿಗೆ ಬಂದರೆ, ಎದುರಿನ ವಾರ್ಡ್‌ರೋಬಿಗೂ ಮಂಚಕ್ಕೂ ನಡುವೆ 27 ಇಂಚು. ವಾರ್ಡ್‌ರೋಬಿನ ಬಾಗಿಲು ತೆರೆದರೆ ಮನುಷ್ಯನಿಗೆ ನಿಲ್ಲಲು ಜಾಗವಿಲ್ಲ. ಬಂದ ಪ್ರತಿ ಹೆಂಗಸೂ ಮೊದಲು ಮಾಡುವುದು ವಾರ್ಡ್‌ರೋಬ್ ತೆರೆಯುವುದನ್ನೇ. ತೆರೆದರು, ಮೊಣಕಾಲು ಮಂಚಕ್ಕೆ ತಾಗಿತು, ಗಂಡನ ಮುಖ ನೋಡಿದರು. ಅಲ್ಲಿಗೆ ಮುಗಿಯಿತು. ಮೊದಲು "ರೂಮು ಖಾಲಿ ಖಾಲಿ" ಎನ್ನುತ್ತಿದ್ದವರು ಈಗ "ರೂಮು ತುಂಬಾ ಸಣ್ಣದು" ಎಂದರು. ಬೆಲೆ 48ರಿಂದ 47ಕ್ಕೆ ಇಳಿಯಿತು.

ಅದರ ಮೇಲೆ ಜೂನ್ ಬಂತು. ಮುಚ್ಚಿದ ಫ್ಲ್ಯಾಟಿನಲ್ಲಿ ಹಾಸಿಗೆಯ ಅಡಿಭಾಗಕ್ಕೆ ಬೂಷ್ಟು ಹಿಡಿಯಿತು. ಅಂಗಡಿಯವರು ಹಾಸಿಗೆಯ ಪೂರ್ತಿ ದುಡ್ಡು ಹಿಡಿದುಕೊಂಡರು, 11,000 ಇರಬೇಕು.

ಆಮೇಲೆ ಎಲ್ಲವನ್ನೂ ವಾಪಸು ಕಳಿಸಿ, ಒಂದು ಭಾನುವಾರ ಹಳೇ ಪೇಪರುಗಳ ಕಟ್ಟು ಹಿಡಿದು ಹೋದೆ. ಮಂಚದ ಅಳತೆಗೆ ಪೇಪರನ್ನು ನೆಲಕ್ಕೆ ಅಂಟಿಸುವುದು, ಬಾಗಿಲಲ್ಲಿ ನಿಂತು ನೋಡುವುದು, ಎಬ್ಬಿಸಿ ಬೇರೆ ಗೋಡೆಗೆ ಹಾಕುವುದು. ಆರಡಿ, ಐದಡಿ, ನಾಲ್ಕಡಿ ಮೂರನ್ನೂ ನೋಡಿದೆ. ಸಂಜೆಯೊಳಗೆ ಒಂದು ವಿಷಯ ಸ್ಪಷ್ಟವಾಯಿತು. ಬಾಗಿಲಲ್ಲಿ ನಿಂತವನ ಕಣ್ಣು ಮಂಚವನ್ನು ಅಳೆಯುವುದಿಲ್ಲ, ಬಾಗಿಲಿನಿಂದ ಕಿಟಕಿಯವರೆಗೆ ಕಾಣುವ ನೆಲವನ್ನು ಅಳೆಯುತ್ತದೆ. ಆ ನೆಲ ಒಂದೇ ಪಟ್ಟಿಯಾಗಿ, ತುಂಡಾಗದೆ ಕಂಡರೆ ರೂಮು ದೊಡ್ಡದು. ನಡುವೆ ಮಂಚದ ಕಾಲೋ ಕುರ್ಚಿಯೋ ಅಡ್ಡ ಬಂದರೆ ಹದಿನಾಲ್ಕು ಅಡಿಯ ರೂಮೂ ಸಣ್ಣದೇ.

ನಾಲ್ಕಡಿಯ ಮಂಚವನ್ನು ದಕ್ಷಿಣದ ಗೋಡೆಗೆ ತಲೆ ಮಾಡಿ ಹಾಕಿದರೆ ವಾರ್ಡ್‌ರೋಬಿನ ಬದಿಗೆ 30 ಇಂಚು, ಕಿಟಕಿಯ ಬದಿಗೆ 30 ಇಂಚು, ಕಾಲ ಬದಿಯಲ್ಲಿ ಬಾಗಿಲಿನಿಂದ ಕಿಟಕಿಯವರೆಗೆ ಮೂರೂವರೆ ಅಡಿ ಅಗಲದ ನೆಲ ಖಾಲಿ. ಮಧ್ಯಾಹ್ನದ ಮೇಲೆ ಪಶ್ಚಿಮದ ಬೆಳಕು ಆ ಪಟ್ಟಿಯ ಮೇಲೇ ಬೀಳುತ್ತದೆ. ಅವತ್ತು ಪೇಪರಿನ ಮಂಚದ ಪಕ್ಕ ನೆಲದಲ್ಲೇ ಕೂತು ಬಹಳ ಹೊತ್ತು ನೋಡಿದೆ.

ನಾಲ್ಕಡಿಯ ಒಳ್ಳೆ ಮಂಚ ಬಾಡಿಗೆಗೆ ಸಿಗಲಿಲ್ಲ. ಕುಲಶೇಖರದ ಬದಿಯ ಆಚಾರಿಯೊಬ್ಬರಲ್ಲಿ ಮಾಡಿಸಿದೆ. 48ಕ್ಕೆ 75 ಇಂಚು, ಅಕೇಶಿಯಾ ಮರ, ಕಾಲ ಬದಿಗೆ ಹಲಗೆ ಇಲ್ಲ, ತಲೆಯ ಹಲಗೆ ಎರಡೇ ಇಂಚು ದಪ್ಪ. ನೆಲಕ್ಕೂ ಮಂಚಕ್ಕೂ ನಡುವೆ ಒಂದಡಿ ಖಾಲಿ, ಅಡಿಯಲ್ಲಿ ಡ್ರಾವರ್ ಬೇಡವೆಂದೆ. ಮಂಚದ ಅಡಿಯ ನೆಲವೂ ಕಾಣಬೇಕು. ಎಲ್ಲವೂ ನಟ್ಟು ಬೋಲ್ಟಿನಲ್ಲಿ ಬಿಚ್ಚಿ ಬರುತ್ತದೆ, ಉದ್ದದ ಪಟ್ಟಿ ಹಳೇ ಕಟ್ಟಡಗಳ ಸಣ್ಣ ಲಿಫ್ಟಿನಲ್ಲೂ ನಿಂತುಕೊಂಡು ಹೋಗುತ್ತದೆ. ಸುತ್ತಿ ಒಯ್ಯಲು ಬರುವ ನಾಲ್ಕಿಂಚಿನ ಫೋಮ್ ಹಾಸಿಗೆ. ತೆಂಗಿನ ನಾರಿನ ಹಾಸಿಗೆಯನ್ನು ಮೆಟ್ಟಿಲಲ್ಲಿ ತಿರುಗಿಸುವ ಕಷ್ಟ ನಿಮಗೆ ಗೊತ್ತೇ ಇದೆ. ಮಂಚ, ಹಾಸಿಗೆ, ಒಂದು ಸ್ಟೂಲು, ಎರಡು ಜೊತೆ ಬಿಳಿ ಬೆಡ್‌ಶೀಟು, ಪರದೆ, ಎಲ್ಲ ಸೇರಿ 27,000 ಆಯಿತು ಅಂತ ನೆನಪು. ಬಾಡಿಗೆಯ ಹುಚ್ಚಿನಲ್ಲಿ ಕಳೆದದ್ದಕ್ಕಿಂತ ಕಡಿಮೆ.

ಮೂರನೇ ವಾರದಲ್ಲಿ ಬೆಂದೂರಿನಿಂದ ಒಂದು ಕುಟುಂಬ ಬಂತು. ಅಮ್ಮ ನೇರ ಕಿಟಕಿಯವರೆಗೆ ನಡೆದುಹೋದರು. ಯಾರೂ ಕರೆಯಲಿಲ್ಲ, ತಾವಾಗಿ ಹೋದರು. ಹೋಗಿ ಮಂಚದ ತುದಿಯಲ್ಲಿ ಕೂತು ಮಗಳನ್ನು ಕರೆದರು. ನನಗೆ ಅಲ್ಲೇ ಗೊತ್ತಾಯಿತು.

ನಾಲ್ಕಡಿ ಮಂಚ ಹಾಕಿ ಕಣ್ಣಿಗೆ ಮಣ್ಣೆರಚುವುದಲ್ಲವಾ ಎಂದು ಒಂದಿಬ್ಬರು ಕೇಳಿದ್ದಾರೆ. ಕಿಟಕಿಯ ದಂಡೆಯ ಮೇಲೆ ಟೇಪು ಇಟ್ಟಿರುತ್ತೇನೆ. ಇದು ನಾಲ್ಕಡಿಯದ್ದು, ನಿಮ್ಮ ಐದಡಿಯ ಮಂಚ ಇಲ್ಲಿಗೆ ಬರುತ್ತದೆ ಎಂದು ನಾನೇ ಅಳೆದು ತೋರಿಸುತ್ತೇನೆ. ಅಳೆದು ತೋರಿಸಿದ ಮೇಲೆ ಹಿಂದೆ ಸರಿದವರು ಈವರೆಗೆ ಒಬ್ಬರೂ ಇಲ್ಲ. ಕಾಲಿಡಲು ಧೈರ್ಯ ಬಂದ ಮೇಲೆ ಅಳತೆ ಯಾರನ್ನೂ ಹೆದರಿಸುವುದಿಲ್ಲ.

ದಕ್ಷಿಣದ ಗೋಡೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಉತ್ತರಕ್ಕೆ ತಲೆ ಹಾಕಿದ ಮಂಚ ಕಂಡರೆ ನಮ್ಮ ಹಿಂದೂ ಮನೆಯವರು ಮುಂದೆ ಮಾತಾಡುವುದೇ ಇಲ್ಲ. ಪೂರ್ವ ಅಥವಾ ದಕ್ಷಿಣ ಆಗಬೇಕು. ಹಾಗಂತ ಪೂರ್ವಕ್ಕೆ ತಲೆ ಮಾಡಿದರೆ ಕಾಲು ಪಶ್ಚಿಮಕ್ಕೆ ಬರುತ್ತದೆ. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿ ಕುಟುಂಬಗಳಲ್ಲಿ ಹಿರಿಯರಿಗೆ ಅದು ಸರಿಬರುವುದಿಲ್ಲ, ನಮ್ಮೂರಿಗೆ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಇರುವುದು ಆ ಕಡೆಗೇ. ಒಬ್ಬ ಹಾಜಿಯವರು ಮಂಚ ನೋಡಿ ಏನೂ ಹೇಳದೆ ಇಳಿದುಹೋದ ಮೇಲೆ ಅವರ ಮಗ ನನಗೆ ಇದನ್ನು ಹೇಳಿದ್ದು. ದಕ್ಷಿಣಕ್ಕೆ ತಲೆ, ಉತ್ತರಕ್ಕೆ ಕಾಲು ಆದರೆ ಇಬ್ಬರಿಗೂ ಒಪ್ಪಿಗೆ. ಕ್ರೈಸ್ತ ಮನೆಯವರು ದಿಕ್ಕಿನ ಬಗ್ಗೆ ನನ್ನನ್ನು ಕೇಳಿದ್ದಿಲ್ಲ. ಅವರಲ್ಲಿ ಹೆಚ್ಚಿನವರು ಅಲ್ತಾರಿಗೆ, ಅಂದರೆ ಮನೆಯ ಪ್ರಾರ್ಥನಾ ಪೀಠಕ್ಕೆ, ಗೋಡೆ ಎಲ್ಲಿ ಎಂದು ನೋಡುತ್ತಾರೆ, ಅದು ಹಾಲ್‌ನ ವಿಚಾರ. ಮಂಗಳೂರಿನಂಥ ಊರಿನಲ್ಲಿ ಯಾರು ಬರುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ನನ್ನ ಮಂಚ ದಕ್ಷಿಣದ ಗೋಡೆಗೆ. ಅಲ್ಲಿ ಬಾಗಿಲಿದ್ದು ಆಗದೇ ಹೋದರೆ ಮಾತ್ರ ಬೇರೆ ದಾರಿ.

ಪಶ್ಚಿಮದ ಗೋಡೆಗೆ ಕಪಾಟು ಬೇಡ. ಮಳೆಗಾಲದ ಏಟು ಬೀಳುವುದು ಕಡಲಿನ ಕಡೆಯಿಂದ. ಆ ಗೋಡೆ ಒಳಗಿನಿಂದ ತಣ್ಣಗಿರುತ್ತದೆ, ಕಪಾಟಿನ ಬೆನ್ನಿಗೆ ಗಾಳಿಯಾಡುವುದಿಲ್ಲ, ಆಗಸ್ಟಿನೊಳಗೆ ಹಿಂದೆಲ್ಲ ಹಸಿರು ಬಿಳಿ ಬೂಷ್ಟು. ಸ್ಟೀಲ್ ಕಪಾಟನ್ನು ಒಳಗೋಡೆಗೆ ತಂದು, ಗೋಡೆಯಿಂದ ನಾಲ್ಕು ಬೆರಳು ಮುಂದೆ ಇಡಿ. ಸಾಧ್ಯವಾದರೆ ಬೆಡ್‌ರೂಮಿನಿಂದಲೇ ಹೊರಗೆ ಹಾಕಿ.

ಇಲ್ಲಿ ನನ್ನ ದೊಡ್ಡ ತಪ್ಪೊಂದನ್ನು ಹೇಳುತ್ತೇನೆ. ಉರ್ವದ ಕಡೆ ಒಂದು ಮನೆ. ಗೋಡೆಯಲ್ಲಿ ನೀರಿಳಿದ ಕಲೆ ಇತ್ತು, ಒಂದೂವರೆ ಅಡಿ ಅಗಲ. ಮಂಚದ ತಲೆಯ ಹಲಗೆಯನ್ನು ಅಲ್ಲಿಗೇ ತಾಗಿಸಿ ಇಡಲು ಮನೆಯವರು ಹೇಳಿದರು, ನಾನು ಇಟ್ಟೆ. ಪಾರ್ಟಿ ಒಪ್ಪಿತು, ಎರಡು ಲಕ್ಷ ಅಡ್ವಾನ್ಸ್ ಬಂತು. ಎರಡನೇ ಸಲ ಬಂದಾಗ ಅವರ ಜೊತೆಗಿದ್ದ ಇಂಜಿನಿಯರ್ ಮಂಚ ಸರಿಸಿದರು. ಅಡ್ವಾನ್ಸ್ ವಾಪಸು ಹೋಯಿತು, ನನ್ನ ಬ್ರೋಕರೇಜ್ ಎಂಬತ್ತು ಸಾವಿರದಷ್ಟು ಹೋಯಿತು, ಆ ಕುಟುಂಬ ಇವತ್ತಿಗೂ ನನ್ನ ಫೋನ್ ಎತ್ತುವುದಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಅಂದಿನಿಂದ ಕಲೆ ಇದ್ದರೆ ಮಂಚ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಮೊದಲು ಲೀಕೇಜ್ ಸರಿಮಾಡಿಸಿ, ಆಮೇಲೆ ನನ್ನನ್ನು ಕರೆಯಿರಿ ಎನ್ನುತ್ತೇನೆ.

ಉಡುಪಿಯ ಕಡಿಯಾಳಿಯಲ್ಲಿ ಹಂಚಿನ ಮನೆಯೊಂದನ್ನು ಮಾರಾಟಕ್ಕೆ ಸಜ್ಜು ಮಾಡಿದೆ. ಕೆಂಪು ಕಾವಿಯ ನೆಲ, ಮಲಗುವ ಕೋಣೆ ತುಂಬಾ ಬೀಟಿ ಮರದ ಮಂಚ, ನಾಲ್ಕು ಕಂಬ, ಮೇಲೆ ಚೌಕಟ್ಟು. ಇಂಥದ್ದನ್ನು ಹೊರಗೆ ಹಾಕಿ ನನ್ನ ಅಕೇಶಿಯಾ ಮಂಚ ತರಲು ನನಗೇ ಮನಸ್ಸಾಗಲಿಲ್ಲ. ಆ ಮನೆಯ ಅಮ್ಮನವರಿಗೆ ಎಂಬತ್ತು ದಾಟಿದೆ. "ಇದರಲ್ಲೇ ನನ್ನ ಮೂರೂ ಮಕ್ಕಳು ಹುಟ್ಟಿದ್ದು, ಇದನ್ನು ಮುಟ್ಟಬೇಡ ಮಗ" ಎಂದರು. ಮುಟ್ಟಲಿಲ್ಲ. ಅದರ ಸುತ್ತ ಇದ್ದ ಎಲ್ಲವನ್ನೂ ತೆಗೆದೆ: ಎರಡು ಟ್ರಂಕು, ಸ್ಟೀಲ್ ಕಪಾಟು, ಹೊಲಿಗೆ ಮೆಷಿನ್, ಗೋಡೆಯ ಹನ್ನೆರಡು ಫೋಟೋಗಳಲ್ಲಿ ಹತ್ತು. ಮೇಲಿನ ಗಾಜಿನ ಹಂಚು ಹೊಗೆಹಿಡಿದು ಕಪ್ಪಾಗಿತ್ತು, ಅದನ್ನು ತೊಳೆಸಿದೆ. ಬೆಳಕು ಕಾವಿಯ ನೆಲಕ್ಕೆ ಬಿದ್ದಾಗ ಆ ಕೋಣೆ ಬೇರೆಯೇ ಆಯಿತು. ಖರ್ಚು 4,000 ದಾಟಿಲ್ಲ. ಕೊಂಡವರು ಮಂಚಕ್ಕೂ ಬೇರೆ ದುಡ್ಡು ಕೊಡುತ್ತೇವೆ ಎಂದರು, ಅಮ್ಮ ಒಪ್ಪಲಿಲ್ಲ. ಅದು ಮಗಳ ಮನೆಗೆ ಹೋಯಿತು.

ಮಣಿಪಾಲದ ಲೆಕ್ಕವೇ ಬೇರೆ. ಅಲ್ಲಿ ಕೊಳ್ಳುವವರಲ್ಲಿ ಹೆಚ್ಚಿನವರು ತಾವು ಮಲಗುವುದಕ್ಕೆ ಕೊಳ್ಳುವುದಿಲ್ಲ. ಮಗ ಓದುತ್ತಾನೆ, ಆಮೇಲೆ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಬಿಡಬಹುದು ಎಂಬ ಯೋಚನೆ. ಅಲ್ಲಿ ಚಂದದ ಡಬಲ್ ಮಂಚ ಹಾಕಿ ಎರಡು ತಿಂಗಳು ಕಳೆದೆ. ಆಮೇಲೆ ಮೂರಡಿಯ ಎರಡು ಮಂಚಗಳನ್ನು ಎದುರುಬದುರು ಗೋಡೆಗೆ ಹಾಕಿ, ನಡುವೆ ಕಿಟಕಿಯ ಕೆಳಗೆ ಓದುವ ಮೇಜು, ಒಂದು ಟೇಬಲ್ ಲ್ಯಾಂಪ್ ಇಟ್ಟೆ. ಬಂದ ಅಪ್ಪಂದಿರು ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ಬಾಡಿಗೆ ಲೆಕ್ಕ ಹಾಕುವುದು ಕಾಣುತ್ತಿತ್ತು. ಹದಿನೆಂಟು ದಿನದಲ್ಲಿ ಹೋಯಿತು.

ನಡುನಡುವೆ ಮಾಡಿ ನೋಡಿದ್ದು ಬಹಳ ಇದೆ. ಮಂಚದ ಎದುರಿಗೆ ಆಳೆತ್ತರದ ಕನ್ನಡಿ ಹಾಕಿದೆ, ರೂಮು ಎರಡರಷ್ಟಾಗಿ ಕಂಡಿತು, ಆದರೆ ಎದ್ದ ಕೂಡಲೇ ಕನ್ನಡಿ ಕಾಣಬಾರದು ಎಂದು ಮೂವರು ಹೇಳಿದರು, ತೆಗೆದೆ. ಈಗ ಅದು ವಾರ್ಡ್‌ರೋಬಿನ ಪಕ್ಕದ ಮೂಲೆಯಲ್ಲಿ, ಕಿಟಕಿಯನ್ನು ಮಾತ್ರ ತೋರಿಸುವ ಹಾಗೆ ಇರುತ್ತದೆ. ಬಿಳಿ ಸೊಳ್ಳೆಪರದೆ ಇಳಿಬಿಟ್ಟೆ, ಚಂದ ಕಂಡಿತು. ಬಂದ ಮೊದಲ ಹೆಂಗಸೇ "ಇಲ್ಲಿ ಸೊಳ್ಳೆ ಜಾಸ್ತಿ ಉಂಟಾ?" ಎಂದರು, ಅವತ್ತೇ ತೆಗೆದೆ. ಶಂಕರಪುರ ಮಲ್ಲಿಗೆಯ ಒಂದು ಚೆಂಡು ತಂದು ತಲೆದಿಂಬಿನ ಹತ್ತಿರ ಇಟ್ಟದ್ದೂ ಉಂಟು. ಮುಚ್ಚಿದ ಕೋಣೆಯಲ್ಲಿ ಪರಿಮಳ ಅತಿಯಾಗಿ, ಏನೋ ವಾಸನೆ ಮುಚ್ಚುತ್ತಿದ್ದಾರೆ ಎಂಬ ಅನುಮಾನ ಹುಟ್ಟಿತು. ಮಳೆಗಾಲದ ಮುಗ್ಗಲು ವಾಸನೆ ಹೋಗಿಸಲು ನಾನು ಮಾಡುವುದು ಬೇರೆ, ಅದಕ್ಕೆ ಹೆಚ್ಚೆಂದರೆ ಅರವತ್ತು ರೂಪಾಯಿ ಸಾಕು. ಅದನ್ನು ಇಲ್ಲಿ ಬರೆಯುವುದಿಲ್ಲ. ತಲೆಯ ಹಲಗೆಯ ಹಿಂದೆ ಬಲ್ಬನ್ನು ಎಲ್ಲಿ ಇಡುತ್ತೇನೆ ಎಂಬುದನ್ನೂ ಹೇಳುವುದಿಲ್ಲ.

ಪರದೆಯ ರಾಡನ್ನು ಕಿಟಕಿಯ ಚೌಕಟ್ಟಿನ ಮೇಲೆ ಅಲ್ಲ, ಸೀಲಿಂಗಿನ ಹತ್ತಿರ ಹೊಡೆಸಿ. ಫೋಟೋಗೆ ಮೊಬೈಲನ್ನು ಎದೆಯ ಎತ್ತರಕ್ಕೆ ಹಿಡಿಯಿರಿ, ವೈಡ್ ಲೆನ್ಸ್ ಬೇಡ. ಫೋಟೋದಲ್ಲಿ ಹಾಲ್‌ನಷ್ಟು ದೊಡ್ಡದಾಗಿ ಕಂಡ ಬೆಡ್‌ರೂಮನ್ನು ನೋಡಲು ಬಂದವನು ಮೆಟ್ಟಿಲಲ್ಲೇ ಸಿಟ್ಟಾಗುತ್ತಾನೆ.

ಸಮಯದ ಬಗ್ಗೆ ಒಂದು ಮಾತು. ತುಳುವರು ಅಶುಭವೆನ್ನುವ ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಯಾರೂ ಅಡ್ವಾನ್ಸ್ ಕೊಡುವುದಿಲ್ಲ ಎಂದು ಎಷ್ಟೋ ಜನ ಆ ತಿಂಗಳು ಮನೆ ಬೀಗ ಹಾಕಿಡುತ್ತಾರೆ. ಆದರೆ ಗಲ್ಫಿನ ಶಾಲೆಗಳಿಗೆ ರಜೆ ಸಿಕ್ಕಿ ನಮ್ಮವರು ಊರಿಗೆ ಬರುವುದು ಜುಲೈ, ಆಗಸ್ಟಿನಲ್ಲೇ. ಆಟಿಯಲ್ಲಿ ನೋಡುತ್ತಾರೆ, ಅದರ ಮುಂದಿನ ತಿಂಗಳು ಸೋಣದಲ್ಲಿ ಮಾತಾಡುತ್ತಾರೆ. ನಾನು ಜುಲೈ ಮೊದಲ ವಾರಕ್ಕೇ ಮಂಚ ಹಾಕಿಸಿ, ದಿನಕ್ಕೆ ಎರಡು ಗಂಟೆ ಕಿಟಕಿ ತೆರೆದಿಡಲು ಒಬ್ಬರನ್ನು ಗೊತ್ತುಮಾಡುತ್ತೇನೆ. ಅವರಿಗೆ ತಿಂಗಳಿಗೆ 1,500.

ಈಗ ನನ್ನಲ್ಲಿ ಅಂಥ ಮೂರು ಸೆಟ್ಟು ಇವೆ. ಬ್ರೋಕರೇಜ್ ಬಿಟ್ಟು ರೂಮಿಗೆ ತಿಂಗಳಿಗೆ 6,000 ತೆಗೆದುಕೊಳ್ಳುತ್ತೇನೆ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಮನೆ ಆಗಿರಬೇಕು, ಅದರಲ್ಲಿ ನಾಲ್ಕು ಇನ್ನೂ ಹೋಗಿಲ್ಲ, ಎರಡರಲ್ಲಿ ದರವೇ ಜಾಸ್ತಿ. ಹೋದ ತಿಂಗಳು ಆ ಹಿರಿಯರೇ ಫೋನ್ ಮಾಡಿ, "ನಿಮ್ಮ ಆ ಸಣ್ಣ ಮಂಚ ಫ್ರೀ ಉಂಟಾ?" ಎಂದು ಕೇಳಿದರು. ಎರಡು ಮಂಚ ಬೇರೆ ಕಡೆ ಇದ್ದವು. ಮೂರನೆಯದನ್ನು, ಬಿಜೈಗೆಂದು ಮೊದಲು ಮಾಡಿಸಿದ್ದನ್ನು, ಅತ್ತಾವರದ ಅವರ ಫ್ಲ್ಯಾಟಿಗೆ ನಾನೇ ಹೋಗಿ ಜೋಡಿಸಿ ಬಂದೆ. ದಕ್ಷಿಣದ ಗೋಡೆಗೆ. ಶನಿವಾರ ಎರಡು ಪಾರ್ಟಿ ನೋಡಲು ಬರುತ್ತವೆ.