ಉಬ್ಬು ಸಿಕ್ಕಿತು, ದಿಕ್ಕು ತಪ್ಪಿತ್ತು

ಹೋದ ಮಳೆಗಾಲದಲ್ಲಿ ವಿದ್ಯಾರಣ್ಯಪುರದ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು, ಅರ್ಜೆಂಟೀನಾದ ಬಯಲಿಗೆ ಬಿದ್ದ ಕಾಸ್ಮಿಕ್ ಕಿರಣಗಳನ್ನು (ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬರುವ ಕಣಗಳು) ಎಣಿಸಿದೆ. ನಾನು ಭೌತಶಾಸ್ತ್ರದವನಲ್ಲ, ಹಗಲೆಲ್ಲಾ ಸಾಫ್ಟ್‌ವೇರ್ ಕೆಲಸ. ಈ ಹುಚ್ಚು ಹತ್ತಿದ್ದು ಅಮಟೆರಾಸು ಕಣದ ಸುದ್ದಿಯಿಂದ.

2021ರ ಮೇ 27ರಂದು ಅಮೆರಿಕದ ಯೂಟಾದಲ್ಲಿ ಸಿಕ್ಕ ಕಣ ಅದು. ಶಕ್ತಿ 244 ಎಕ್ಸಾ ಎಲೆಕ್ಟ್ರಾನ್ ವೋಲ್ಟ್. ಒಂದು ಕೆಜಿ ಸಕ್ಕರೆ ಪೊಟ್ಟಣ ನಾಲ್ಕು ಮೀಟರ್ ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ, ಅಷ್ಟೂ ಒಂದೇ ಒಂದು ಕಣದಲ್ಲಿ! ಅದು ಬಂದ ದಿಕ್ಕಿಗೆ ಗೆರೆ ಎಳೆದು ನೋಡಿದರೆ ಅಲ್ಲಿ ಗ್ಯಾಲಕ್ಸಿಗಳೇ ಇಲ್ಲದಂಥ ಖಾಲಿ ಜಾಗ. ಇದನ್ನು ಅಮ್ಮನಿಗೆ ಹೇಳಿದಾಗ, "ಹಾಗಾದ್ರೆ ಎಲ್ಲಿಂದ ಬಂತೋ ಅದು?" ಅಂದ್ರು. ಸರಿಯಾದ ಪ್ರಶ್ನೆ, ಅಲ್ವಾ?

ತೊಂದರೆ ಏನಂದ್ರೆ ಈ ಕಣಗಳಿಗೆ ವಿದ್ಯುದಂಶ ಇರುತ್ತೆ. ದಾರಿಯಲ್ಲಿ ಸಿಗುವ ಕಾಂತಕ್ಷೇತ್ರಗಳು ಅವನ್ನು ಬಾಗಿಸುತ್ತಾ ಹೋಗುತ್ತವೆ. ಪ್ರೋಟಾನ್ ಆದರೆ ಪರವಾಗಿಲ್ಲ, ಸ್ವಲ್ಪ ಬಾಗುತ್ತೆ. ಅದೇ ಶಕ್ತಿಯ ಕಬ್ಬಿಣದ ನ್ಯೂಕ್ಲಿಯಸ್ ಆದರೆ ಅದರ 26 ಪಟ್ಟು. ಹೀಗಾಗಿ ಒಂದೊಂದು ಕಣದ ಹಿಂದೆ ಹೋದರೆ ದಾರಿ ತಪ್ಪೋದೇ ಜಾಸ್ತಿ. ಸಾವಿರಾರು ಕಣ ಸೇರಿಸಿ, ಆಕಾಶದ ಯಾವ ಕಡೆಯಿಂದ ಒಂಚೂರು ಜಾಸ್ತಿ ಬರ್ತಿವೆ ಅಂತ ನೋಡಬೇಕು.

ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ ಮಾಡಿದ್ದು ಅದನ್ನೇ. ಅಲ್ಲಿ 3,000 ಚದರ ಕಿಲೋಮೀಟರ್ ಬಯಲಲ್ಲಿ ಒಂದೂವರೆ ಕಿಲೋಮೀಟರಿಗೊಂದು ನೀರಿನ ಟ್ಯಾಂಕ್ ಇಟ್ಟಿದ್ದಾರೆ. ಒಟ್ಟು 1,600ಕ್ಕೂ ಜಾಸ್ತಿ, ಒಂದೊಂದರಲ್ಲೂ 12 ಟನ್ ನೀರು. (ನಮ್ಮ ಬೀದಿಗೆ ಬರೋ ಟ್ಯಾಂಕರ್ ಎರಡು ಸಲ ತುಂಬಿಸಿದರೂ ಅಷ್ಟಾಗುತ್ತೋ ಇಲ್ಲವೋ.) ಒಂದು ಕಣ ವಾತಾವರಣಕ್ಕೆ ಬಡಿದರೆ ಕೋಟಿಗಟ್ಟಲೆ ಕಣಗಳ ಮಳೆ ಆಗುತ್ತೆ, ಅದು ಯಾವ ಟ್ಯಾಂಕಿಗೆ ಮೊದಲು ತಾಗಿತು, ಯಾವುದಕ್ಕೆ ಆಮೇಲೆ ಅನ್ನೋದರಿಂದ ದಿಕ್ಕು ಗೊತ್ತಾಗುತ್ತೆ. 2017ರಲ್ಲಿ ಅವರು ಪ್ರಕಟಿಸಿದ ಉತ್ತರ: 8 ಎಕ್ಸಾ ಎಲೆಕ್ಟ್ರಾನ್ ವೋಲ್ಟ್‌ಗಿಂತ (ಇನ್ನು ಬರೀ ಎಕ್ಸಾ ಅಂತೀನಿ) ಜಾಸ್ತಿ ಶಕ್ತಿಯ 30,000ಕ್ಕೂ ಹೆಚ್ಚು ಕಣಗಳಲ್ಲಿ ಒಂದು ಕಡೆಗೆ 6.5% ಉಬ್ಬು, ಅಂದರೆ ಆ ಕಡೆಯಿಂದ ಸರಾಸರಿಗಿಂತ ಅಷ್ಟು ಜಾಸ್ತಿ ಕಣ. ಆ ಕಡೆ ನಮ್ಮ ಗ್ಯಾಲಕ್ಸಿಯ ಕೇಂದ್ರದಿಂದ ಸುಮಾರು 125 ಡಿಗ್ರಿ ದೂರ. ಅಂದರೆ ಇವು ಕ್ಷೀರಪಥದ ಹೊರಗಿನವು.

2021ರಲ್ಲಿ ಅವರು ತಮ್ಮ ಡೇಟಾದ ಹತ್ತನೇ ಒಂದು ಭಾಗವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನಾನು ಇಳಿಸಿಕೊಂಡಿದ್ದು ಅದನ್ನು. ಲೆಕ್ಕ ಹೈಸ್ಕೂಲ್ ಮಟ್ಟದ್ದೇ. ಪ್ರತಿ ಕಣದ ರೈಟ್ ಅಸೆನ್ಷನ್ (ಆಕಾಶದ ರೇಖಾಂಶ ಅಂದ್ಕೊಳ್ಳಿ) ತಗೊಂಡು ಕೊಸೈನ್ ಎಲ್ಲಾ ಕೂಡಿಸಿ, ಸೈನ್ ಎಲ್ಲಾ ಕೂಡಿಸಿ, ಎರಡನ್ನೂ 2ರಿಂದ ಗುಣಿಸಿ ಕಣಗಳ ಸಂಖ್ಯೆಯಿಂದ ಭಾಗಿಸಿದರೆ ಉಬ್ಬು ಎಷ್ಟು, ಯಾವ ಕಡೆ ಅಂತ ಬಂದುಬಿಡುತ್ತೆ. ಈ ಕೋನ ಫೈಲಿನಲ್ಲೇ ರೆಡಿ ಇತ್ತು. ಆದರೂ ಅಲ್ಲಿನ ದಿಕ್ಕು ಮತ್ತು ಸಮಯದಿಂದ ನಾನೇ ಲೆಕ್ಕ ಹಾಕ್ತೀನಿ ಅಂತ ಜಂಬ.

ಉಬ್ಬು ಬಂತು. ರಾತ್ರಿ ಹನ್ನೊಂದೂವರೆಗೆ ಕುಣಿಯೋದೊಂದು ಬಾಕಿ. ಆದರೆ ಅವರ ಉಬ್ಬು 100 ಡಿಗ್ರಿ ಹತ್ತಿರ, ನನ್ನದು 180 ದಾಟಿ ಕೂತಿತ್ತು. ಮೂರು ದಿನ ತ್ರಿಕೋನಮಿತಿ ಸೂತ್ರಗಳನ್ನೇ ಬೈದೆ. ನಾಲ್ಕನೇ ದಿನ ಯಲಹಂಕ ಕಡೆ ಹೋಗೋ ಬಸ್ಸಿನಲ್ಲಿ ನಿಂತಿದ್ದಾಗ ಹೊಳೀತು: ಸಮಯ ಓದುವ ಪೈಥಾನ್ ಫಂಕ್ಷನ್ ಲ್ಯಾಪ್‌ಟಾಪಿನ ಗಡಿಯಾರ ನೋಡಿ ಅದನ್ನು ಭಾರತದ ಸಮಯಕ್ಕೆ ತಿರುಗಿಸಿ ಕೊಡ್ತಿತ್ತು, ನಾನು ಅದನ್ನೇ ಯುಟಿಸಿ (ಜಗತ್ತಿಗೆಲ್ಲಾ ಒಂದೇ ಆದ ಪ್ರಮಾಣ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಅಂದುಕೊಂಡಿದ್ದೆ. ಐದೂವರೆ ಗಂಟೆ ಅಂದರೆ ಭೂಮಿ ಸುಮಾರು 83 ಡಿಗ್ರಿ ತಿರುಗಿರುತ್ತೆ. ಅರ್ಜೆಂಟೀನಾದ ಆಕಾಶವನ್ನು ಬೆಂಗಳೂರಿನ ಟೈಮಿಗೆ ತಿರುಗಿಸಿಟ್ಟಿದ್ದೆ ನಾನು!

ಸರಿಪಡಿಸಿದ ಮೇಲೆ ದಿಕ್ಕು ಹತ್ತಿರ ಬಂತು. ಆಗ ಒಬ್ಬ ಗೆಳೆಯ, ಅವನು ನಿಜವಾದ ಭೌತಶಾಸ್ತ್ರದವನು, ಒಂದೇ ಮಾತು ಕೇಳಿದ. "ಸುಮ್ನೆ ಚೆಲ್ಲಿದ್ರೆ ಎಷ್ಟು ಬರುತ್ತೆ ನೋಡಿದ್ಯಾ?"

ನೋಡಿರಲಿಲ್ಲ. ಅಮ್ಮ ರಾಗಿ ಆರಿಸೋದನ್ನು ನೋಡಿದ್ದೀನಿ. ಒಂದು ಹಿಡಿ ರಾಗಿ ಮೊರದ ಮೇಲೆ ಚೆಲ್ಲಿದರೆ ಸಮನಾಗಿ ಬೀಳಲ್ಲ, ಯಾವುದೋ ಒಂದು ಮಗ್ಗುಲು ದಟ್ಟ ಇದ್ದೇ ಇರುತ್ತೆ. ಬೇಕಂತ ಯಾರೂ ಮಾಡಿದ್ದಲ್ಲ. ಆಕಾಶವೂ ಹಂಗೇ. 2,500 ಕಣಗಳನ್ನು ಯದ್ವಾತದ್ವಾ ಚೆಲ್ಲಿದರೂ ಸರಾಸರಿ 3.5% ಉಬ್ಬು ಬರುತ್ತೆ. ಅವರ 6.5% ಇಡೀ ಆಕಾಶದ ಲೆಕ್ಕ, ನಾನು ನೋಡಿದ ರೈಟ್ ಅಸೆನ್ಷನ್ ಒಂದರಲ್ಲೇ ನಿಜವಾದ ಉಬ್ಬು ಇರೋದೇ 4.7%. ಕಂಪ್ಯೂಟರಿನಲ್ಲಿ ಹೀಗೇ ಕಣ ಚೆಲ್ಲಿ ಸಾವಿರ ಸುಳ್ಳು ಆಕಾಶ ಮಾಡಿ ನೋಡಿದೆ, ನನ್ನದರಷ್ಟೇ ದೊಡ್ಡ ಉಬ್ಬು ಅವುಗಳಲ್ಲೂ ಆಗಾಗ ಎದ್ದು ಕಾಣ್ತಿತ್ತು. ಆ ಹತ್ತನೇ ಒಂದು ಭಾಗದಿಂದ ಏನೂ ಸಾಬೀತಾಗಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2007ರಲ್ಲಿ ಇದೇ ಓಜೆ ತಂಡ, 27 ಕಣಗಳನ್ನಿಟ್ಟುಕೊಂಡು, ಹತ್ತಿರದ ಸಕ್ರಿಯ ಗ್ಯಾಲಕ್ಸಿಗಳ (ನಡುವಿನ ದೈತ್ಯ ಕಪ್ಪುಕುಳಿ ಸುತ್ತಲಿನದನ್ನು ನುಂಗುತ್ತಾ ಉರಿಯುವಂಥವು) ಜೊತೆ ನಂಟು ಕಾಣ್ತಿದೆ ಅಂದಿತ್ತು. ಡೇಟಾ ಬೆಳೀತಾ ಆ ನಂಟು ಸಡಿಲವಾಯ್ತು, ಅದನ್ನೂ ಅವರೇ ಹೇಳಿದರು. ಈಗ ಸೆಂಟಾರಸ್ ಎ, ಎನ್‌ಜಿಸಿ 253 ಥರದ ಗ್ಯಾಲಕ್ಸಿಗಳ ಮೇಲೆ ಅನುಮಾನ ಇದೆ. ಖಾತ್ರಿ ಇಲ್ಲ.

ಯಾರಾದರೂ ಮಾಡಿ ನೋಡೋದಾದರೆ ಮೊದಲು ಸುಳ್ಳು ಆಕಾಶ ಮಾಡಿಕೊಳ್ಳಿ, ನಿಜವಾದ ಡೇಟಾ ಆಮೇಲೆ ತೆರೀರಿ. ನಾನೀಗ 4ರಿಂದ 8 ಎಕ್ಸಾವರೆಗಿನ ಕಣಗಳನ್ನು ಬೇರೆ ಮಾಡಿ ಎಣಿಸ್ತಿದ್ದೀನಿ. 2017ರಲ್ಲಿ ಅವರಿಗೆ ಅಲ್ಲಿ ಹೇಳಿಕೊಳ್ಳುವಂಥ ಉಬ್ಬು ಸಿಕ್ಕಿರಲಿಲ್ಲ, ನನಗೆ ಸಿಕ್ಕರೆ ಮತ್ತೆ ಗಡಿಯಾರ ನೋಡಬೇಕು.