ಎರಡು ಪಾರದರ್ಶಕ ಮೇಲ್ಮೈ ಒಂದೇ ಪ್ಲಾಟ್‌ನಲ್ಲಿದ್ದರೆ

ಪೈಥಾನ್‌ನಲ್ಲಿ ಗ್ರಾಫ್ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನ 3ಡಿ ಪ್ಲಾಟ್‌ನಲ್ಲಿ ಎರಡು ಮೇಲ್ಮೈಗಳು ಒಂದನ್ನೊಂದು ಕತ್ತರಿಸುವ ಕಡೆ ಚಿತ್ರ ವಿಚಿತ್ರವಾಗಿ ಕಾಣುತ್ತದೆ, ಅಲ್ವಾ? ಸುಮ್ನೆ ಆಲ್ಫಾ, ಅಂದರೆ ಪಾರದರ್ಶಕತೆಯ ಮಟ್ಟ, ಬದಲಿಸುತ್ತಾ ಕೂರಬೇಡಿ. ಮ್ಯಾಟ್‌ಪ್ಲಾಟ್‌ಲಿಬ್ ಪ್ರತಿ ಪಿಕ್ಸೆಲ್‌ನ ಆಳ ನೋಡುವುದಿಲ್ಲ. ಒಂದು ಮೇಲ್ಮೈಯನ್ನು ಪೂರ್ತಿ ಬರೆದು, ಅದರ ಮೇಲೆ ಇನ್ನೊಂದನ್ನು ಪೂರ್ತಿ ಬರೆಯುತ್ತದೆ.

ಪಾರದರ್ಶಕವಾದಾಗ ಈ ಕ್ರಮ ಬಹಳ ಮುಖ್ಯ. ಎರಡಕ್ಕೂ ಆಲ್ಫಾ 0.5 ಕೊಟ್ಟರೆ ಮೇಲಿನ ಬಣ್ಣ ಶೇ. 50, ಕೆಳಗಿನದು ಶೇ. 25 ಮಾತ್ರ. ಉಳಿದ ಶೇ. 25 ಹಿನ್ನೆಲೆಯದು. ಕ್ರಮ ತಪ್ಪಿದರೆ ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದೇ ಓದುಗರಿಗೆ ತಪ್ಪಾಗಿ ಕಾಣುತ್ತದೆ.

ಮೇಲ್ಮೈಗಳು ಕತ್ತರಿಸದಿದ್ದರೆ ಬರೆಯುವ ಕ್ರಮವನ್ನು ಮ್ಯಾಟ್‌ಪ್ಲಾಟ್‌ಲಿಬ್ ತಾನೇ ಲೆಕ್ಕ ಹಾಕುವ ಕಂಪ್ಯೂಟೆಡ್ ಝೆಡ್‌ಆರ್ಡರ್ (computed_zorder) ಆಫ್ ಮಾಡಿ, ಕ್ರಮವನ್ನು ನೀವೇ ಕೊಡಿ. ನೋಟದ ಕೋನ ಬದಲಿಸಿದರೆ ಅದನ್ನೂ ಮತ್ತೆ ನೋಡಿ. ಕತ್ತರಿಸುತ್ತಿದ್ದರೆ ಪೈವಿಸ್ಟಾ ಎಂಬ ಇನ್ನೊಂದು 3ಡಿ ಲೈಬ್ರರಿ ಬಳಸಿ, ಅದರಲ್ಲಿ ಪ್ರತಿ ಪಿಕ್ಸೆಲ್‌ನ ಆಳ ನೋಡುವ ಡೆಪ್ತ್ ಪೀಲಿಂಗ್ ಆನ್ ಮಾಡಿ.